ಕೋಸ್ತಾನ ಕಾವಲಿ

ಕಳೆದ ತಿಂಗಳು ಒಂದು ಭಾನುವಾರ ಮಧ್ಯಾಹ್ನ ಮ್ಯಾನ್‌ಹಟನ್ನಿನ ಹೋಟೆಲೊಂದರಲ್ಲಿ ನನ್ನ ಮುಂದೆ ಅಂಗೈಯಗಲದ ಒಂದು ದೋಸೆ ತಂದಿಟ್ಟರು. ನನಗೆ ಅರವತ್ತು ತುಂಬಿತೆಂದು ನನ್ನ ಮಗ ಎರಡು ತಿಂಗಳ ಮೊದಲೇ ಅಲ್ಲಿ ಟೇಬಲ್ ರಿಸರ್ವ್ ಮಾಡಿದ್ದ. ಎರಡು ತಿಂಗಳು ಕಾದು ತಿನ್ನುವ ದೋಸೆ ಹೇಗಿರುತ್ತದೆ ಎಂಬ ಕುತೂಹಲ ನಿಮಗಿದ್ದರೆ ಹೇಳಿಬಿಡುತ್ತೇನೆ: ದೋಸೆಯ ಹಾಗೆಯೇ ಇರುತ್ತದೆ. ಆದರೆ ಇದರ ಒಂದು ಅಂಚು ಸೀದು ಕಪ್ಪಗಾಗಿತ್ತು. ತಂದಿಟ್ಟ ಹುಡುಗಿ ತಟ್ಟೆಯನ್ನು ಮೆಲ್ಲನೆ ತಿರುಗಿಸಿ ಆ ಕಪ್ಪು ಅಂಚು ಸರಿಯಾಗಿ ನನ್ನ ಎಡಗಡೆಗೆ ಬರುವಂತೆ ಇಟ್ಟಳು.

"ಇದು ಸೀದಿದೆಯಲ್ಲಮ್ಮಾ" ಎಂದು ನಾನು ಇಂಗ್ಲಿಷಿನಲ್ಲಿ ಹೇಳಿದೆ.

"ಇಟ್ಸ್ ಇಂಟೆನ್ಷನಲ್, ಮ್ಯಾಮ್" ಎಂದು ನಕ್ಕು, ತಟ್ಟೆಯ ಪಕ್ಕ ಒಂದು ದಪ್ಪ ಕಾಗದದ ಕಾರ್ಡು ಇಟ್ಟು ಹೋದಳು.

ಆ ಕಾರ್ಡಿನಲ್ಲಿ ಹೀಗಿತ್ತು: ಬಹಳ ವರ್ಷಗಳ ಹಿಂದೆ ನ್ಯೂಜೆರ್ಸಿಯ ಒಂದು ಹಳೆಯ ಡೈನರಿನಲ್ಲಿ ಭಾರತದ ಬ್ರಾಹ್ಮಣ ಅಡಿಗೆಯವರೊಬ್ಬರು ದೋಸೆ ಮಾಡುತ್ತಿದ್ದರು. ಮೂವತ್ತು ವರ್ಷ ಬೇಕನ್ ಎಂಬ ಹಂದಿ ಮಾಂಸ ಹುರಿದ ಕಾವಲಿಯ ಮೇಲೆಯೇ ಅವರು ದೋಸೆ ಹೊಯ್ದರು. ಆ ಕಾವಲಿಯ ಎಡಗಡೆ ಕಾವು ಜಾಸ್ತಿ. ಬೆಂಕಿಗೆ ಜಾತಿಯಿಲ್ಲ ಎಂದು ತೋರಿಸಿದ ಆ ಅಡಿಗೆಮನೆಗೆ ಈ ದೋಸೆ ನಮ್ಮ ನಮಸ್ಕಾರ.

ಮಗ "ವಾವ್, ಅಮ್ಮ, ಯು ಮಸ್ಟ್ ಹ್ಯಾವ್ ನೋನ್ ದಿಸ್ ಪ್ಲೇಸ್" ಎಂದ. ಗೊತ್ತಿತ್ತು. ಆ ಕಾರ್ಡಿನ ಮೇಲಿದ್ದ ಸುಳ್ಳನ್ನು ಮೊದಲು ಹೇಳಿದವಳೇ ನಾನು.

ಅಮೆರಿಕದ ಊಟದ ಚರಿತ್ರೆಯನ್ನು ಬರೆಯುವವರು ಬಿಳಿ ಮೇಜುಬಟ್ಟೆ ಹಾಸಿದ ನ್ಯೂಯಾರ್ಕಿನ ಹಳೆಯ ದೊಡ್ಡ ಹೋಟೆಲುಗಳಿಂದ ಶುರು ಮಾಡುತ್ತಾರೆ. ನಾಣ್ಯ ಹಾಕಿದರೆ ಗಾಜಿನ ಕಿಂಡಿ ತೆರೆದು ತಿಂಡಿ ಕೊಡುತ್ತಿದ್ದ ಅಂಗಡಿಗಳಿಗೂ ಅದರಲ್ಲಿ ಒಂದು ಪುಟ ಇರುತ್ತದೆ. ಆಮೇಲೆ ಬರುವುದು ಡೈನರು. ರೈಲಿನ ಡಬ್ಬಿಯ ಹಾಗೆ ಉದ್ದಕ್ಕಿರುವ, ಹೊರಗೆಲ್ಲ ಸ್ಟೀಲಿನ ತಗಡು ಹೊದ್ದ ತಿಂಡಿಯಂಗಡಿ ಅದು. ಒಳಗೆ ಈ ತುದಿಯಿಂದ ಆ ತುದಿಗೆ ಒಂದೇ ಕೌಂಟರು, ಅದರ ಮುಂದೆ ಗಿರ್ರನೆ ತಿರುಗುವ ಸ್ಟೂಲುಗಳು, ಎದುರಿಗೇ ಒಲೆ. ಮೊಟ್ಟೆ ಒಡೆಯುವುದು, ಬೇಕನ್ ಹುರಿಯುವುದು ಎಲ್ಲ ಗಿರಾಕಿಯ ಕಣ್ಣೆದುರಿಗೆ. ಕಾಫಿ ಮುಗಿದ ಹಾಗೆಲ್ಲ ಕೇಳದೆಯೇ ತುಂಬಿಸುತ್ತಾರೆ. ನಾವು ನ್ಯೂಜೆರ್ಸಿಯವರು ಇದಕ್ಕಾಗಿ ಸ್ವಲ್ಪ ಎದೆಯುಬ್ಬಿಸಿಯೇ ಓಡಾಡುತ್ತೇವೆ. ನೋಡಲು ನಮ್ಮಲ್ಲಿ ಬೇರೇನೂ ಇಲ್ಲವೆಂದು ನ್ಯೂಯಾರ್ಕಿನವರು ಹೇಳುವುದುಂಟು.

ಪಿಸ್ಕಾಟವೇಯಲ್ಲಿ ನನ್ನ ಆಫೀಸಿಗೆ ಹೋಗುವ ದಾರಿಯಲ್ಲೇ ಅಂಥದೊಂದು ಡೈನರು ಇತ್ತು. ಅದರ ಯಜಮಾನ ಕೋಸ್ತಾ ಎಂಬ ಗ್ರೀಕ್ ಮುದುಕ. ಅವನಿಗೆ ಎರಡು ಕಣ್ಣೂ ಹೆಚ್ಚುಕಡಿಮೆ ಕಾಣದಾಗಿ ಕೆಲಸ ಸಾಗದಾದಾಗ, ಏಳು ವರ್ಷದಿಂದ ಅವನ ಬಳಿ ಪಾತ್ರೆ ತೊಳೆದು, ಆಲೂಗಡ್ಡೆ ಹೆಚ್ಚಿ, ಒಂದು ದಿನವೂ ಬೇಕನ್ ಮುಟ್ಟದೆ ಕೆಲಸ ಮಾಡಿದ್ದ ಐತಾಳರು ಅದನ್ನು ವಹಿಸಿಕೊಂಡರು. ಐತಾಳರು ಸಾಲಿಗ್ರಾಮದ ಕಡೆಯವರು. ಮೊದಲ ಸಲ ಕೆಲಸ ಕೇಳಲು ಹೋದಾಗ ಬೋರ್ಡಿನ ಮೇಲೆ ಕೋಸ್ತಾ ಎಂಬ ಹೆಸರು ನೋಡಿ, ಮಂಗಳೂರಿನ ಕ್ರಿಶ್ಚಿಯನ್ನರ ಹೋಟೆಲೆಂದೇ ತಿಳಿದು ಕನ್ನಡದಲ್ಲಿ ಮಾತು ಶುರು ಮಾಡಿದ್ದರಂತೆ.

ಇದನ್ನು ಹೇಳಿ ಅವರು ನನ್ನ ಕಡೆ ನೋಡಿ ನಗುತ್ತಿದ್ದರು. ನಾನು ಮಂಗಳೂರಿನ ಕ್ರಿಶ್ಚಿಯನ್ ಮನೆಯವಳು. ನಮ್ಮ ಕಡೆ ನಮ್ಮಂಥ ಹೆಂಗಸರನ್ನು ಬಾಯಮ್ಮ ಎಂದು ಕರೆಯುವುದು ರೂಢಿ. ಆಫೀಸಿನಲ್ಲಿ ನನ್ನ ಹೆಸರನ್ನು ಯಾರೂ ಸರಿಯಾಗಿ ಹೇಳುತ್ತಿರಲಿಲ್ಲ. ಬೆಳಿಗ್ಗೆ ಏಳೂವರೆಗೆ ಆ ಸ್ಟೀಲಿನ ಬಾಗಿಲು ತಳ್ಳಿದರೆ ಮಾತ್ರ "ಬನ್ನಿ ಬಾಯಮ್ಮ, ಬನ್ನಿ" ಎಂಬ ಊರಿನ ದನಿ ಕೇಳುತ್ತಿತ್ತು. ನನ್ನ ಗಂಡ ಆಗಲೇ ನ್ಯೂಯಾರ್ಕಿನ ಟ್ರೈನು ಹಿಡಿದಿರುತ್ತಿದ್ದರು, ಮಗನನ್ನು ಡೇಕೇರಿನಲ್ಲಿ ಬಿಟ್ಟಾಗಿರುತ್ತಿತ್ತು. ಆಫೀಸಿಗೆ ಮೊದಲಿನ ಆ ಅರ್ಧ ಗಂಟೆ ಐತಾಳರ ಕೌಂಟರಿನದು.

ಅವರ ಹೋಟೆಲು ಯಾಕೆ ಹೆಸರಾಯಿತೆಂದರೆ, ಅವರು ಡೈನರನ್ನು ಬದಲಾಯಿಸಲಿಲ್ಲ. ಅದೇ ಸ್ಟೂಲು, ಅದೇ ಕೌಂಟರು, ಅದೇ ಬೆಳಗಿನ ಐದೂವರೆಗೆ ಬಾಗಿಲು ತೆರೆಯುವ ಪದ್ಧತಿ. ಹೊಸಬರು ಬಂದು ಕೂತರೆ ಏನೂ ಕೇಳದೆ ಅಂಗೈಯಗಲದ ಒಂದು ದೋಸೆ ಹೊಯ್ದು ಮುಂದಿಡುತ್ತಿದ್ದರು. "ಟೇಸ್ಟ್. ಗುಡ್, ದೆನ್ ಬಿಗ್ ಒನ್" ಎನ್ನುವುದು ಅವರ ಪೂರ್ತಿ ಇಂಗ್ಲಿಷು. ಅವರ ಹೆಂಡತಿ ಸರಸಕ್ಕ ಒಂದು ಕೈಯಲ್ಲಿ ಕಾಫಿ, ಇನ್ನೊಂದು ಕೈಯಲ್ಲಿ ಸಾಂಬಾರಿನ ಬಕೆಟ್ಟು ಹಿಡಿದು ಕೌಂಟರಿನ ಉದ್ದಕ್ಕೂ ಬಡಿಸುತ್ತಾ ಬರುತ್ತಿದ್ದರು. ಕೇಳದೆ ಕಾಫಿ ತುಂಬಿಸುವ ಅಮೆರಿಕದ ರೂಢಿಯೂ ಕೇಳದೆ ಸಾಂಬಾರು ಸುರಿಯುವ ನಮ್ಮ ರೂಢಿಯೂ ಅಲ್ಲಿ ಜೊತೆಯಾಗಿದ್ದವು. ಟ್ರಕ್ಕಿನವರು, ಯೂನಿವರ್ಸಿಟಿಯ ಹುಡುಗರು, ಪೋಸ್ಟಾಫೀಸಿನವರು ಮೊಣಕೈಗೆ ಮೊಣಕೈ ತಾಗಿಸಿ ಕೂತು ತಿನ್ನುತ್ತಿದ್ದರು. ವಾರದ ಕೊನೆಗೆ ಪಕ್ಕದ ಎಡಿಸನ್ ಊರಿನಿಂದ ಗುಜರಾತಿ ಕುಟುಂಬಗಳು ವ್ಯಾನು ತುಂಬಾ ಬಂದು ಹೊರಗೆ ಕಾಯುತ್ತಿದ್ದವು. ಹೋಟೆಲು ನಡೆಯುತ್ತಿದ್ದದ್ದು ನಿಜವಾಗಿ ಅವರಿಂದಲೇ. ಅವರಲ್ಲಿ ಹೆಚ್ಚಿನವರು ಮೊಟ್ಟೆಯನ್ನೂ ಮುಟ್ಟದವರು, ಕೆಲವರು ಈರುಳ್ಳಿಯನ್ನೂ ಒಲ್ಲದವರು.

ಕೋಸ್ತಾ ದಿನಾ ಬೆಳಿಗ್ಗೆ ಬರುತ್ತಿದ್ದ. ಮೂಲೆಯ ಸ್ಟೂಲು ಅವನದು, ಅದರ ಪಕ್ಕದ್ದು ನನ್ನದು. ಬಂದವನು ಮೊದಲು ಕೌಂಟರಿನಾಚೆ ಕೈ ಚಾಚಿ ಕಾವಲಿಯ ಮೇಲೆ ಗಾಳಿಯಲ್ಲಿ ಅಂಗೈ ಹಿಡಿಯುತ್ತಿದ್ದ. ಎಡಗಡೆಗೆ ಬಂದಾಗ ಕೈ ಹಿಂದಕ್ಕೆಳೆದು ನನಗೆ ಹೇಳುತ್ತಿದ್ದ: "ನೋಡು, ಇವಳು ಎಡಗಡೆ ಇನ್ನೂ ಬಿಸಿ. ಮೂವತ್ತು ವರ್ಷದಿಂದ ಹೀಗೇ. ನನ್ನ ಕಾವಲಿಯನ್ನು ಇವನು ಎಸೆಯಲಿಲ್ಲ. ನನಗೆ ಮಾತು ಕೊಟ್ಟಿದ್ದ." ಆ ಎಡಗಡೆಯಲ್ಲಿ ಹೊಯ್ದ ದೋಸೆ ಸೀಯುತ್ತಿತ್ತು. ಅದು ಹೇಗೋ ಹೆಚ್ಚಾಗಿ ನನ್ನ ತಟ್ಟೆಗೇ ಬೀಳುತ್ತಿತ್ತು.

"ಐತಾಳರೇ, ಆ ಎಡಗಡೆ ಉರಿ ಸ್ವಲ್ಪ ಕಡಿಮೆ ಮಾಡ್ಲಿಕ್ಕೆ ಆಗೂದಿಲ್ವಾ?" ಎಂದು ನಾನು ದೂರುತ್ತಿದ್ದೆ.

"ಅದು ಹಾಗೆಯೇ ಬಾಯಮ್ಮ. ಇನ್ನೊಂದು ಹಾಕ್ತೇನೆ, ಅದನ್ನು ಬಿಡಿ" ಎನ್ನುತ್ತಿದ್ದರು. ಬಿಟ್ಟರೆ ಅದನ್ನು ತಾವೇ ನಿಂತುಕೊಂಡು ತಿನ್ನುತ್ತಿದ್ದರು.

ಇನ್ನು ನನ್ನ ಪ್ರತಾಪಕ್ಕೆ ಬರುತ್ತೇನೆ. ಇಷ್ಟು ಹೊತ್ತು ಹೋಟೆಲಿನ ವರ್ಣನೆ ಮಾಡುತ್ತಾ ಅದನ್ನು ಮುಂದೂಡುತ್ತಿದ್ದೆ ಎಂದು ನಿಮಗೂ ಅನ್ನಿಸಿರಬಹುದು. ನನಗೊಂದು ಕೆಟ್ಟ ಚಾಳಿ ಉಂಟು. ಒಳ್ಳೆಯ ಕಥೆ ಸಿಕ್ಕಿದರೆ ಹೊಟ್ಟೆಯಲ್ಲಿ ನಿಲ್ಲುವುದಿಲ್ಲ, ಹೇಳುವಾಗ ಉಪ್ಪು ಖಾರ ಹಚ್ಚದೆ ಇರಲಿಕ್ಕೂ ಆಗುವುದಿಲ್ಲ. ಒಂದು ಗುರುವಾರ ಅಲ್ಲಿನ ವಾರಪತ್ರಿಕೆಯೊಂದರ ಹೆಣ್ಣುಮಗಳು ಡೈನರುಗಳ ಬಗ್ಗೆ ಬರೆಯಲು ನೋಟ್‌ಬುಕ್ ಹಿಡಿದು ಬಂದು ನನ್ನ ಇನ್ನೊಂದು ಪಕ್ಕದಲ್ಲಿ ಕೂತಳು. ಐತಾಳರನ್ನು ಕೇಳಿದರೆ "ಟೇಸ್ಟ್. ಗುಡ್" ಎಂದರು. ಆಗ ಅವಳು ನನ್ನ ಕಡೆ ತಿರುಗಿದಳು. ನಾನು ಕೊಚ್ಚತೊಡಗಿದೆ. ಸಾಲಿಗ್ರಾಮ ಹೇಳಿದೆ, ಬಕೆಟ್ಟು ಹೇಳಿದೆ. ಅವಳು ತಲೆಯಾಡಿಸಿದಳೇ ಹೊರತು ಬರೆದುಕೊಳ್ಳಲಿಲ್ಲ. ಅವಳ ಪೆನ್ನು ಓಡಬೇಕೆಂಬ ಹಟ ಬಂತು ನನಗೆ. ಕಾವಲಿಯನ್ನು ತೋರಿಸಿ, "ಈ ಮನುಷ್ಯ ಹುಟ್ಟಿನಿಂದ ಮಾಂಸ ಮುಟ್ಟಿದವನಲ್ಲ. ಆದರೆ ಮೂವತ್ತು ವರ್ಷ ಬೇಕನ್ ಹುರಿದ ಕಾವಲಿಯ ಮೇಲೆಯೇ ದೋಸೆ ಮಾಡುತ್ತಾನೆ. ಆ ರುಚಿ ಅದರಿಂದಲೇ" ಎಂದುಬಿಟ್ಟೆ. ಪೆನ್ನು ಓಡಿತು.

ಐತಾಳರು ಸಟ್ಟುಗ ಹಿಡಿದ ಕೈ ಎತ್ತಿ ನನ್ನ ಕಡೆ ತಿರುಗಿದ್ದು, ಏನೋ ಹೇಳಲು ಬಾಯಿ ತೆರೆದದ್ದು, ಮೂಲೆಯ ಸ್ಟೂಲಿನಲ್ಲಿ ಸಂತೋಷದಿಂದ ತಲೆಯಾಡಿಸುತ್ತಿದ್ದ ಕೋಸ್ತಾನನ್ನು ನೋಡಿ ಮತ್ತೆ ಒಲೆಯ ಕಡೆ ತಿರುಗಿದ್ದು ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಅವತ್ತು ಅದನ್ನು ನಾಚಿಕೆ ಎಂದುಕೊಂಡೆ.

ನನ್ನನ್ನು ಸಮರ್ಥಿಸಿಕೊಳ್ಳುವುದಲ್ಲ, ಆದರೆ ಇದನ್ನೂ ಹೇಳಬೇಕು. ನಮ್ಮ ಮನೆಯಲ್ಲಿ ಹಂದಿ ಮಾಂಸವೆಂದರೆ ಮದುವೆ, ಕ್ರಿಸ್ಮಸ್ಸು, ನೆಂಟರ ನಗು. ಬೇಕನ್ನಿನ ಕಾವಲಿಯಲ್ಲಿ ದೋಸೆ ಎಂಬುದು ನನಗೆ ನಿಜವಾಗಿಯೂ ಚಂದದ ಸಂಗತಿಯಾಗಿ ಕಂಡಿತ್ತು. ಹೊರಗೆ ವ್ಯಾನುಗಳಲ್ಲಿ ಕಾಯುವವರಿಗೆ ಅದು ಹೇಗೆ ಕಾಣಬಹುದೆಂದು ಯೋಚಿಸುವಷ್ಟು ಬುದ್ಧಿ ಇರಲಿಲ್ಲ. ವರ್ಷಗಟ್ಟಲೆ ಆ ಜನರ ಪಕ್ಕದಲ್ಲಿ ಕೂತು ತಿಂದಿದ್ದೆ. ಗೊತ್ತಿರಬೇಕಿತ್ತು.

ಲೇಖನ ಬಂತು. ನನ್ನ ಹೆಸರಿರಲಿಲ್ಲ, 'ದಿನಾ ಬರುವ ಗಿರಾಕಿಯೊಬ್ಬರು ಹೇಳುವಂತೆ' ಎಂದಿತ್ತು. ನಾನು ಎರಡು ಪ್ರತಿ ತಂದು ಒಂದನ್ನು ಮಂಗಳೂರಿಗೆ ಕಳಿಸಿದೆ. ಆ ಶನಿವಾರ ಮಗನನ್ನು ಕರೆದುಕೊಂಡು ಹೆಮ್ಮೆಯಿಂದ ಹೋಟೆಲಿಗೆ ಹೋದರೆ ಹೊರಗೆ ಕಾಯುವ ಸಾಲಿರಲಿಲ್ಲ. ಒಬ್ಬ ಗುಜರಾತಿ ಅಂಕಲ್ ಒಳಗೆ ಬಾರದೆ ಬಾಗಿಲಲ್ಲೇ ನಿಂತು, ಪೇಪರು ಮಡಚಿ ಹಿಡಿದು ಐತಾಳರನ್ನು ಇಂಗ್ಲಿಷಿನಲ್ಲಿ ಕೇಳುತ್ತಿದ್ದರು: "ಭಾಯಿ, ಇಸ್ ದಿಸ್ ಟ್ರೂ? ಜಸ್ಟ್ ಸೇ ನೋ." ಐತಾಳರು ಏಪ್ರನ್ನಿಗೆ ಕೈ ಒರೆಸಿಕೊಂಡರು. ಕೋಸ್ತಾ ಮೂಲೆಯಲ್ಲಿ ಕಾಫಿ ಕುಡಿಯುತ್ತಾ ಇತ್ತ ಕಿವಿಗೊಟ್ಟಿದ್ದ. "ಮೈ ಹ್ಯಾಂಡ್ ಕ್ಲೀನ್" ಎಂದಷ್ಟೇ ಹೇಳಿದರು ಐತಾಳರು. ಆ ಅಂಕಲ್ ಸ್ವಲ್ಪ ಹೊತ್ತು ಕಾದು, ಕೈ ಮುಗಿದು, ಹೊರಟುಹೋದರು.

ಆಮೇಲೆ ಒಂದೂವರೆ ವರ್ಷ ಹೋಟೆಲು ತೆವಳಿಕೊಂಡು ನಡೆಯಿತು. ಶನಿವಾರದ ಬೆಳಿಗ್ಗೆಯೂ ಖಾಲಿ ಸ್ಟೂಲುಗಳು. ಸರಸಕ್ಕನ ಬಕೆಟ್ಟಿನಲ್ಲಿ ಸಾಂಬಾರು ಉಳಿಯುತ್ತಿತ್ತು. ಐತಾಳರು ನನಗೆ ಒಂದು ಮಾತು ಅನ್ನಲಿಲ್ಲ, "ಬನ್ನಿ ಬಾಯಮ್ಮ" ಎನ್ನುವ ದನಿಯಲ್ಲೂ ವ್ಯತ್ಯಾಸವಿರಲಿಲ್ಲ. ಅದೇ ನನಗೆ ತಡೆಯದಾಯಿತು. ಆಫೀಸಿನ ಟೈಮಿಂಗ್ ಬದಲಾಗಿದೆ ಎಂದು ಒಂದು ದಿನ ಹೇಳಿದೆ. ಬದಲಾಗಿರಲಿಲ್ಲ. ಬೇರೆ ರಸ್ತೆಯಿಂದ ಸುತ್ತು ಹಾಕಿಕೊಂಡು ಆಫೀಸಿಗೆ ಹೋಗತೊಡಗಿದೆ. ಹೋಟೆಲು ಮುಚ್ಚಿದ್ದನ್ನು ಬೇರೆಯವರ ಬಾಯಿಂದ ಕೇಳಿದೆ. ಮುಂದಿನ ಚಳಿಗಾಲದಲ್ಲಿ ಕೋಸ್ತಾ ತೀರಿಕೊಂಡ ಸುದ್ದಿಯೂ ಹಾಗೆಯೇ ಬಂತು. ಐತಾಳರು ದೇವಸ್ಥಾನವೊಂದರ ಕ್ಯಾಂಟೀನಿನಲ್ಲಿ ಅಡಿಗೆಗೆ ಸೇರಿಕೊಂಡರು.

ಐದು ವರ್ಷದ ಹಿಂದೆ ಐತಾಳರು ಹೋದರು. ಮನ್ರೋದಲ್ಲಿ ಅವರ ಮಗಳ ಹೊಸ ಮನೆಯಲ್ಲಿ ಹದಿಮೂರನೇ ದಿನದ ಊಟ. ನಮ್ಮವರ ಮನೆಗಳಲ್ಲಿ ಜನ ಹೆಚ್ಚಾದರೆ ಚಪ್ಪಲಿ ಬಿಡುವುದು ಗರಾಜಿನಲ್ಲಿ. ನಾನೂ ಬಿಟ್ಟು ತಲೆಯೆತ್ತಿದರೆ, ಗೋಡೆಗೆ ಒರಗಿಸಿ ಹಳೆಯ ಬೆಡ್‌ಶೀಟು ಹೊದಿಸಿದ ಬಾಗಿಲಿನಷ್ಟು ದೊಡ್ಡ ವಸ್ತು. ಶೀಟು ಒಂದು ಕಡೆ ಜಾರಿತ್ತು. ಕರಿ ಕಬ್ಬಿಣ, ಎಣ್ಣೆಯ ಹೊಳಪು.

"ಅದು ಕೋಸ್ತಾನ ಕಾವಲಿ" ಎಂದರು ಹಿಂದೆ ಬಂದು ನಿಂತ ಸರಸಕ್ಕ. "ನಾವು ಹೋಟೆಲು ಶುರು ಮಾಡುವ ಮೊದಲೇ ಬಿಚ್ಚಿಸಿದ್ದು. ಅದ್ರಲ್ಲಿ ಇವರು ದೋಸೆ ಮಾಡ್ತಾರಾ? ಕೋಸ್ತಾ ಮಗಳ ಮನೆಗೆ ಹೋದ ಎರಡು ದಿವಸದಲ್ಲಿ ಹೊಸ ಕಬ್ಬಿಣ ಕೂರಿಸಿದ್ರು. ಎಸೀಲಿಕ್ಕೂ ಮನಸ್ಸು ಬರ್ಲಿಲ್ಲ, ಅವನಿಗೆ ಮಾತು ಕೊಟ್ಟಿದ್ರಲ್ಲ. ವರ್ಷಕ್ಕೊಂದ್ಸಲ ಎಣ್ಣೆ ಹಚ್ಚೂದು, ಆಮೇಲೆ ಸ್ನಾನ ಮಾಡಿಯೇ ಒಳಗೆ ಬರೂದು."

"ಮತ್ತೆ ಆ ಎಡಗಡೆ ಬಿಸಿ?"

"ಎಡಗಡೆಯ ಉರಿ ಇವರೇ ಜೋರು ಇಡ್ತಿದ್ದದ್ದು. ಕೋಸ್ತಾ ಕೈ ಹಿಡಿದು ನೋಡ್ತಾನಲ್ಲ, ಗೊತ್ತಾಗಬಾರದು ಅಂತ. ಪೇಪರಿನಲ್ಲಿ ಬಂದ ಮೇಲೆ ನಾನು ಬಡ್ಕೊಂಡೆ, ಇದು ಹೊಸ ಕಾವಲಿ ಅಂತ ಬಾಗಿಲಿಗೊಂದು ಬೋರ್ಡ್ ಹಾಕಿ ಅಂತ. ಕೋಸ್ತಾ ದಿನಾ ಅದೇ ಬಾಗಿಲಿಂದ ಬರೂದಲ್ವಾ ಅಂದ್ರು."

ಅಂದರೆ ಐತಾಳರು ಒಬ್ಬ ಮುದುಕನ ಸಂತೋಷಕ್ಕಾಗಿ ದಿನಾ ಒಂದಿಷ್ಟು ದೋಸೆ ಸೀಯಿಸಿದರು, ಕೊನೆಗೆ ಹೋಟೆಲನ್ನೇ ಬಿಟ್ಟುಕೊಟ್ಟರು. ನನಗೊಬ್ಬಳಿಗಾದರೂ ಗುಟ್ಟಾಗಿ ಹೇಳಬಹುದಿತ್ತು. ಯಾಕೆ ಹೇಳಲಿಲ್ಲವೆಂದು ಕೇಳಬೇಡಿ. ನನ್ನ ಬಾಯಿ ಅವರಿಗೆ ಗೊತ್ತಿತ್ತು. ಪೇಪರಿನವಳಿಗೆ ಹೇಳಿದ್ದು ನಾನೇ ಎಂದು ಅವತ್ತೇ ಸರಸಕ್ಕನ ಕೈ ಹಿಡಿದು ಹೇಳಬೇಕಿತ್ತು. ಗರಾಜಿನ ತುಂಬಾ ಜನ ಚಪ್ಪಲಿ ಬಿಡುತ್ತಿದ್ದರು. ಹೇಳಲಿಲ್ಲ. ಎಲ್ಲರ ಸಾಲಿನಲ್ಲಿ ಕೂತು ಹೋಳಿಗೆ ತಿಂದು ಬಂದೆ. ಮತ್ತೆ ಐದು ವರ್ಷ ಹೇಳಲಿಲ್ಲ.

ಆ ಸೀದ ಅಂಚಿನ ದೋಸೆಯನ್ನು ಮುಂದಿಟ್ಟುಕೊಂಡು ಕೂತ ನನ್ನ ಮುಖದಲ್ಲಿ ಏನು ಕಂಡಿತೋ, ಮಗ ಎದ್ದು ಹೋಗಿ ಶೆಫ್‌ನನ್ನೇ ಕರೆತಂದ. ಮೂವತ್ತೈದರ ಆಸುಪಾಸಿನ ಗುಜರಾತಿ ಯುವಕ, ಎಡಿಸನ್ನಿನಲ್ಲಿ ಹುಟ್ಟಿ ಬೆಳೆದವನು. ಚಿಕ್ಕವನಿದ್ದಾಗ ವಾರವಾರವೂ ಆ ಸ್ಟೂಲಿನ ಮೇಲೆ ತಿರುಗುತ್ತಾ ದೋಸೆ ತಿಂದಿದ್ದನಂತೆ. ಇದ್ದಕ್ಕಿದ್ದ ಹಾಗೆ ಅಮ್ಮ ಕರೆದುಕೊಂಡು ಹೋಗುವುದನ್ನು ನಿಲ್ಲಿಸಿದರು, ಕೇಳಿದರೆ ಅಳಲು ಶುರು ಮಾಡಿದರು. ದೊಡ್ಡವನಾದ ಮೇಲೆ ಲೈಬ್ರರಿಯಲ್ಲಿ ಆ ಹಳೆಯ ಪೇಪರು ಹುಡುಕಿ ಓದಿದಾಗ ಕಾರಣ ತಿಳಿಯಿತು. ಅಮ್ಮನ ಮಡಿಯ ಮೇಲೆ ಸಿಟ್ಟು ಬಂತು, ಆ ಅಡಿಗೆಯವನ ಧೈರ್ಯದ ಮೇಲೆ ಪ್ರೀತಿ ಹುಟ್ಟಿತು, ತಾನು ಶೆಫ್ ಆದದ್ದೇ ಅದರಿಂದ ಎಂದ. ಈಗ ಊರಿನ ಇನ್ನೂ ನಾಲ್ಕಾರು ಹೋಟೆಲುಗಳಲ್ಲಿ ದೋಸೆಯ ಅಂಚು ಕಪ್ಪು ಮಾಡುತ್ತಾರೆ, ಎಲ್ಲ ತನ್ನನ್ನು ನೋಡಿ ಕಲಿತದ್ದು ಎಂದು ಸ್ವಲ್ಪ ಹೆಮ್ಮೆಯಿಂದಲೇ ಹೇಳಿಕೊಂಡ.

ನಾನು ಅವನನ್ನು ಕೂರಿಸಿ ಎಲ್ಲವನ್ನೂ ಹೇಳಿದೆ. ಈ ಸಲ ಉಪ್ಪು ಖಾರ ಹಚ್ಚಲಿಲ್ಲ. ನಿನ್ನ ಅಮ್ಮ ನಿನಗೆ ತಿನ್ನಿಸಿದ ದೋಸೆಯಲ್ಲಿ ದೋಷವಿರಲಿಲ್ಲ, ಅವರಿಗೆ ಹೇಳು ಎಂದೆ. ಅವನು ಕಾರ್ಡನ್ನು ಕೈಗೆತ್ತಿಕೊಂಡು ತಿರುಗಿಸಿ ತಿರುಗಿಸಿ ನೋಡಿದ.

"ಬಟ್ ಆಂಟಿ, ದಟ್ಸ್ ದ ಹೋಲ್ ಸ್ಟೋರಿ" ಎಂದ ಸಣ್ಣ ದನಿಯಲ್ಲಿ. ಅಮ್ಮ ತೀರಿಕೊಂಡು ಎರಡು ವರ್ಷವಾಯಿತು ಎಂದು ಆಮೇಲೆ ಹೇಳಿದ.

ಕಾರ್ಡನ್ನು ಅವನು ಬದಲಾಯಿಸುತ್ತಾನೋ ಇಲ್ಲವೋ ನನಗೆ ಗೊತ್ತಿಲ್ಲ. ಇದನ್ನು ಬರೆಯುತ್ತಿರುವುದು ಒಂದು ಕಡೆಯಲ್ಲಾದರೂ ನಿಜ ಇರಲಿ ಎಂದು.

ವಾಪಸು ಬರುವಾಗ ಕಾರಿನಿಂದಲೇ ಸರಸಕ್ಕನಿಗೆ ಫೋನು ಮಾಡಿದೆ. ಕುಶಲ ಕೇಳಿದೆ, ಹವೆಯ ಬಗ್ಗೆ ಮಾತಾಡಿದೆ, ಕಡೆಗೆ ಕಣ್ಣು ಮುಚ್ಚಿಕೊಂಡು ಹೇಳಿದೆ. "ಸರಸಕ್ಕ, ಅವತ್ತು ಪೇಪರಿನವಳ ಹತ್ರ ಕಾವಲಿಯ ಕಥೆ ಹೇಳಿದ್ದು ನಾನು."

ಆ ಕಡೆ ಟಿವಿಯ ಸದ್ದು ಕಡಿಮೆಯಾಯಿತು. "ಅದು ಗೊತ್ತುಂಟಲ್ಲ" ಎಂದರು. "ಅವತ್ತೇ ಇವರು ಮನೆಗೆ ಬಂದು ಹೇಳಿದ್ರು."

"ಮತ್ತೆ ನನಗೆ ಬೈಯ್ಲಿಲ್ಲ ಯಾಕೆ?"

"ಬೈಲಿಕ್ಕೆ ನಾನು ಹೊರಟದ್ದೇ. ಇವರು ಬಿಡ್ಲಿಲ್ಲ. ಹೇಳಬೇಡ ಮಾರಾಯ್ತಿ, ನಾಚಿಕೆಯಾಗಿ ಬಾಯಮ್ಮನೂ ಬರೂದು ನಿಲ್ಲಿಸ್ತಾರೆ, ಬೆಳಿಗ್ಗೆ ಕೋಸ್ತಾನ ಪಕ್ಕ ಕೂತು ಮಾತಾಡ್ಲಿಕ್ಕೆ ಮತ್ತೆ ಯಾರು ಉಂಟು ಅಂದ್ರು."

ನಾನು ನಿಲ್ಲಿಸಿಯೇ ಬಿಟ್ಟಿದ್ದೆನಲ್ಲ. ಬೇರೆ ರಸ್ತೆಯಿಂದ ಸುತ್ತಿಕೊಂಡು ಹೋಗುತ್ತಿದ್ದ ಅಷ್ಟೂ ಬೆಳಗುಗಳಲ್ಲಿ ಆ ಕಣ್ಣು ಕಾಣದ ಮುದುಕನ ಪಕ್ಕದ ಸ್ಟೂಲು ಖಾಲಿಯಿತ್ತು. ಮುಂದೆ ಮಗ ಡ್ರೈವ್ ಮಾಡುತ್ತಿದ್ದ. ಅವನಿಗೆ ಕೇಳಿಸಬಾರದೆಂದು ಫೋನನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡೆ.

"ಕೇಳ್ತಾ ಉಂಟಾ?" ಎಂದರು ಸರಸಕ್ಕ. "ಈ ವರ್ಷ ಕಾವಲಿಗೆ ಎಣ್ಣೆ ಹಚ್ಚಿ ಆಗಲಿಲ್ಲ. ನನಗೆ ಬಗ್ಗಲಿಕ್ಕೆ ಆಗೂದಿಲ್ಲ, ಮಗಳಿಗೆ ಪುರುಸೊತ್ತಿಲ್ಲ. ಶನಿವಾರ ಬರ್ತೀರಾ?"

ಹೋದೆ. ಎಡಗಡೆಯ ಮೂಲೆಯಲ್ಲಿ ತುಕ್ಕು ಹಿಡಿಯಲು ಶುರುವಾಗಿತ್ತು. ಮರಳು ಕಾಗದದಲ್ಲಿ ತಿಕ್ಕಿ, ಒರೆಸಿ, ಎಣ್ಣೆ ಹಚ್ಚಿದೆ. ಸರಸಕ್ಕ ಮಡಚುವ ಕುರ್ಚಿ ಹಾಕಿಕೊಂಡು ದೂರದಲ್ಲಿ ಕೂತು, ಅಲ್ಲಿ ಬಿಟ್ಟಿದೆ, ಇಲ್ಲಿ ಬಿಟ್ಟಿದೆ ಎಂದು ತೋರಿಸುತ್ತಿದ್ದರು. ಮುಗಿದ ಮೇಲೆ ಸೋಪು ಹಾಕಿ ಮೊಣಕೈವರೆಗೆ ತೊಳೆದುಕೊಂಡು ಒಳಗೆ ಹೋದೆ. ಅವರು ದೋಸೆ ಹೊಯ್ದು ಮುಂದಿಟ್ಟರು. ಎಲ್ಲ ಕಡೆಯೂ ಒಂದೇ ಬಣ್ಣ, ಒಂದು ಅಂಚೂ ಸೀದಿರಲಿಲ್ಲ. ಒಂದು ಕಡೆಯಾದರೂ ಸ್ವಲ್ಪ ಸೀಯಿಸಿ ಕೊಡಿ ಎಂದು ಕೇಳಬೇಕೆನಿಸಿತು. ಕೇಳಲಿಲ್ಲ. ಬಾಯಿ ಮುಚ್ಚಿಕೊಂಡು ತಿಂದೆ.